ಬಿಸು ಊಟಕ್ಕೆ ಒಲೆ ಹಚ್ಚದೆ ಹಣ್ಣಿನ ಸಾಸಿವೆ: ಹೋದ ವರ್ಷ ಕಹಿಯಾಯ್ತು, ಈ ಸಲ ಏನು ಮಾಡಲಿ?

ಮೈಸೂರ್_ಸೊಸೆ:

ಎಲ್ಲರಿಗೂ ನಮಸ್ಕಾರ. ನಾನು ಹುಟ್ಟಿ ಬೆಳೆದಿದ್ದು ಮೈಸೂರು, ಮದುವೆಯಾಗಿದ್ದು ಪುತ್ತೂರಿನ ಕಡೆಯ ಹವ್ಯಕರ ಮನೆಗೆ, ಈಗ ಇರುವುದು ಬೆಂಗಳೂರಲ್ಲಿ. ನಮ್ಮ ಕಡೆ ಯುಗಾದಿ, ಇವರ ಕಡೆ ಬಿಸು. ವರ್ಷಕ್ಕೆ ಎರಡು ಸಲ ಹೊಸ ವರ್ಷ ನಮಗೆ. ಈ ಸಲ ಬಿಸುವಿಗೆ ಅತ್ತೆ, ಮಾವ, ಇವರ ಚಿಕ್ಕಪ್ಪನ ಮನೆಯವರು ಎಲ್ಲ ಸೇರಿ 14 ಜನ ಊಟಕ್ಕೆ ನಮ್ಮಲ್ಲೇ.

ನನ್ನ ಹತ್ತಿರ ಇರುವುದು ಎರಡು ಬರ್ನರ್ ಒಲೆ. ಒಂದರಲ್ಲಿ ಪಾಯಸ ಕೂತರೆ ಅದು ಏಳುವುದೇ ಇಲ್ಲ. ಅದಕ್ಕೇ ಒಲೆ ಬೇಡದ ಒಂದು ಐಟಂ ಇರಲಿ ಅಂತ ಹೋದ ವರ್ಷ ಅನಾನಸಿನ ಸಾಸಿವೆ ಮಾಡಿದ್ದೆ. ಬೆಳಿಗ್ಗೆ 8 ಗಂಟೆಗೇ ಹಣ್ಣು ಹೆಚ್ಚಿ, ಕಾಯಿ, ಸಾಸಿವೆ, ಮೆಣಸು ರುಬ್ಬಿ, ಗಟ್ಟಿ ಮೊಸರು ಕಲಸಿ ಫ್ರಿಜ್‌ನಲ್ಲಿಟ್ಟೆ. ಆಗ ರುಚಿ ನೋಡಿದ್ದೆ, ಚೆನ್ನಾಗೇ ಇತ್ತು. ಮಧ್ಯಾಹ್ನ ಒಂದೂವರೆಗೆ ಬಡಿಸಿದರೆ ಕಹಿ ಅಂದರೆ ಕಹಿ, ಹಾಗಲಕಾಯಿ ಥರ. ಅತ್ತೆ ಎಲೆಯ ಬದಿಗೆ ಸರಿಸಿ "ರಜ್ಜ ಕೈಕ್ಕೆ" ಅಂದರು. ಸ್ವಲ್ಪ ಕಹಿ ಅಂತ ಅರ್ಥ. ಆ "ರಜ್ಜ" ಅನ್ನುವ ಮಾತು ಒಂದು ವರ್ಷದಿಂದ ನನ್ನ ಕಿವಿಯಲ್ಲೇ ಇದೆ.

ಎರಡು ಕಪ್ ಕಾಯಿತುರಿಗೆ ಒಂದೇ ಟೀ ಚಮಚ ಸಾಸಿವೆ ಹಾಕಿದ್ದು. ಎಲ್ಲಿ ತಪ್ಪಿದೆ? ಇನ್ನೊಂದು ವಿಷಯ, ಸಿಹಿ ರಸಾಯನ ಬೇಡ, ಪಾಯಸ ಇದ್ದೇ ಇದೆ. ಅನ್ನದ ಜೊತೆ ನೆಂಚಿಕೊಳ್ಳುವ ಹಾಗಿರಬೇಕು.

ಬ್ಯಾಚುಲರ್_ಬಸವ:

ಸಾಸಿವೆ ಜಾಸ್ತಿ ಆಗಿದೆ ಮೇಡಂ. ಅರ್ಧ ಚಮಚ ಸಾಕು.

ಹುಬ್ಳಿ_ಮಂದಿ:

ಇಷ್ಟೆಲ್ಲ ಯಾಕ್ರೀ? ಮಾವಿನ ಹಣ್ಣಿನ ಸೀಕರಣಿ ಮಾಡಿಬಿಡಿ. ಹಣ್ಣು ಹಿಂಡು, ಹಾಲು ಹಾಕು, ಏಲಕ್ಕಿ ಹಾಕು, ಮುಗೀತು. ಒಲೀನೂ ಬೇಡ, ಸಾಸಿವೀನೂ ಬೇಡ, ಕಹಿ ಆಗೋ ಭಯಾನೂ ಇಲ್ಲ.

ಮೈಸೂರ್_ಸೊಸೆ:

ಅಣ್ಣ, ಸಿಹಿ ಬೇಡ ಅಂದೆನಲ್ಲ! ಸೀಕರಣಿ ನನಗೂ ಇಷ್ಟ, ಹೋಳಿಗೆ ಮಾಡಿದ ದಿನ ಖಂಡಿತ.

ಕಾಟುಮಾವು:

ನಾನು ಪುತ್ತೂರಿನವನೇ. ನಮ್ಮ ಮನೆಯಲ್ಲಿ ಇದಕ್ಕೆ ಸಾಸಮೆ ಅಂತಾರೆ, ಹೊರಗೆ ಸಾಸಿವೆ. ಹೆಸರೇ ಹೇಳುವ ಹಾಗೆ ಸಾಸಿವೆಯ ಖಾರ ಮೂಗಿಗೆ ಸ್ವಲ್ಪ ಏರಬೇಕು. ಅರ್ಧ ಚಮಚ ಹಾಕಿದರೆ ಅದು ಹಣ್ಣಿನ ಚಟ್ನಿ, ಸಾಸಮೆ ಅಲ್ಲ. ಎರಡು ಕಪ್ ಕಾಯಿಗೆ ಒಂದು ಚಮಚ ಸರಿಯಾಗೇ ಇದೆ.

ಆದರೆ ರುಬ್ಬುವ ಕ್ರಮ ಕೇಳುತ್ತೇನೆ ತಂಗಿ. ಕಾಯಿ, ಮೆಣಸು, ಸಾಸಿವೆ ಎಲ್ಲ ಒಟ್ಟಿಗೆ ಹಾಕಿ ಮಿಕ್ಸಿ ತಿರುಗಿಸಿದಿರಾ? ನನ್ನ ತಾಯಿ ಕಡೆಯುವ ಕಲ್ಲಲ್ಲಿ ಕಾಯಿ ಬೆಣ್ಣೆಯ ಹಾಗೆ ನುಣ್ಣಗಾದ ಮೇಲೆ ಸಾಸಿವೆ ಹಾಕುತ್ತಿದ್ದರು. ಹಾಕಿ ನಾಲ್ಕು ಸುತ್ತು ಕಡೆದರೆ ಆಯಿತು, ತೆಗೆದೇ ಬಿಡುವುದು. ಸಾಸಿವೆ ಹೆಚ್ಚು ಹೊತ್ತು ಅರೆದರೆ ಕಹಿ ಬಿಡುತ್ತದೆ ಅಂತ ಅವರ ಲೆಕ್ಕ.

ಮೈಸೂರ್_ಸೊಸೆ:

ಒಟ್ಟಿಗೇ ಹಾಕಿದ್ದೆ. ಮೂರು ನಿಮಿಷ ಆದರೂ ತಿರುಗಿಸಿರಬಹುದು. ಜಾರ್ ಬಿಸಿಯಾಗಿತ್ತು. ಆದರೂ ಒಂದು ಪ್ರಶ್ನೆ. ಅದೇ ಕಾರಣ ಆಗಿದ್ದರೆ ಬೆಳಿಗ್ಗೆ 8ಕ್ಕೇ ಕಹಿ ಇರಬೇಕಿತ್ತು ಅಲ್ವಾ? ಆಗ ಇರಲಿಲ್ಲ.

ಶಿರಸಿ_ಸೀಮೆ:

ಬನವಾಸಿ ಹತ್ತಿರದವಳು ನಾನು. ನಮ್ಮಲ್ಲಿ ಅನಾನಸಿಗೆ ಬರ ಇಲ್ಲ. ಅನಾನಸಿನ ಸಾಸಿವೆ, ಮೊಸರು ಹಾಕಿಯೇ ಮಾಡುವುದು. ಇಷ್ಟು ವರ್ಷದಲ್ಲಿ ಒಂದು ಸಲವೂ ಕಹಿಯಾಗಿಲ್ಲ. ಆದರೆ ಅಮ್ಮ ಯಾವತ್ತೂ ಹೇಳುವುದು ಒಂದೇ: ಎಲೆ ಹಾಕಿದ ಮೇಲೆ ಮೊಸರು ಕಲಸು. ಯಾಕೆ ಅಂತ ನಾನು ಕೇಳಿಲ್ಲ, ಅವರೂ ಹೇಳಿಲ್ಲ.

ಲ್ಯಾಬ್_ಮೇಷ್ಟ್ರು:

ಶಿರಸಿಯವರ ಅಮ್ಮ ಸರಿಯಾಗಿ ಹೇಳಿದ್ದಾರೆ. ನಾನು ನಿವೃತ್ತ ಕೆಮಿಸ್ಟ್ರಿ ಮೇಷ್ಟ್ರು, ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಮೊದಲು ಸಾಸಿವೆ. ಇಡೀ ಕಾಳನ್ನು ಬಾಯಿಗೆ ಹಾಕಿಕೊಂಡರೆ ಖಾರ ಇಲ್ಲ, ಗಮನಿಸಿದ್ದೀರಾ? ಕಾಳಿನೊಳಗೆ ಸಿನಿಗ್ರಿನ್ ಅನ್ನುವ ವಸ್ತು ಒಂದು ಕಡೆ, ಮೈರೋಸಿನೇಸ್ ಅನ್ನುವ ಕಿಣ್ವ ಇನ್ನೊಂದು ಕಡೆ ಇರುತ್ತವೆ. ಕಾಳು ಒಡೆದು ನೀರು ತಾಗಿದಾಗ ಎರಡೂ ಸೇರುತ್ತವೆ. ಆಗ ಹುಟ್ಟುವುದೇ ಮೂಗಿಗೆ ಏರುವ ಆ ಖಾರ. ಸಿನಿಗ್ರಿನ್ನಿಗೆ ಅದರದೇ ಕಹಿ ಇದೆ, ಹೌದು. ಆದರೆ ಹೊತ್ತು ಹೋದ ಹಾಗೆ ಅರೆದ ಸಾಸಿವೆಯ ಗಾಟು ಕಡಿಮೆಯಾಗುತ್ತದೆ, ಕಹಿ ಏರುತ್ತಾ ಹೋಗುವುದಿಲ್ಲ. ಹಾಗಾಗಿ ಐದು ಗಂಟೆ ಬಿಟ್ಟು ಬಂದ ಕಹಿಗೆ ಸಾಸಿವೆಯ ಮೇಲೆ ಕೇಸು ಹಾಕುವುದು ಅನ್ಯಾಯ.

ನನಗೆ ಅನುಮಾನ ಅನಾನಸು ಮತ್ತು ಮೊಸರಿನ ಜೋಡಿ ಮೇಲೆ. ಹಸಿ ಅನಾನಸಿನಲ್ಲಿ ಬ್ರೋಮೆಲೇನ್ ಅನ್ನುವ ಕಿಣ್ವ ಇದೆ. ಅದರ ಕೆಲಸ ಪ್ರೊಟೀನ್ ಕತ್ತರಿಸುವುದು. ಅನಾನಸು ಜಾಸ್ತಿ ತಿಂದರೆ ನಾಲಿಗೆ ಉರಿಯುತ್ತದಲ್ಲ, ಅದರಲ್ಲಿ ಇದರ ಕೈವಾಡವೂ ಇದೆ. ಮೊಸರಿನ ಪ್ರೊಟೀನನ್ನು ಅದು ತುಂಡು ತುಂಡು ಮಾಡಿದಾಗ ಬರುವ ಚೂರುಗಳಲ್ಲಿ ಕೆಲವು ಕಹಿ. ಫ್ರಿಜ್‌ನಲ್ಲಿಟ್ಟರೆ ನಿಧಾನ ಆಗುತ್ತದೆ, ನಿಲ್ಲುವುದಿಲ್ಲ. ಐದು ಗಂಟೆ ಧಾರಾಳ ಸಾಕು.

ಒಂದು ಸಾಕ್ಷಿ ಕೊಡುತ್ತೇನೆ. ಕೇರಳದವರು ಓಣಂ ಹಬ್ಬದ ಊಟದಲ್ಲಿ ಅನಾನಸಿನ ಪಚ್ಚಡಿ ಬಡಿಸುತ್ತಾರೆ. ಅದರಲ್ಲೂ ಕಾಯಿ, ಸಾಸಿವೆ, ಮೊಸರೇ. ಆದರೆ ಅವರು ಹಣ್ಣನ್ನು ಮೊದಲು ಅರಿಶಿನ ಹಾಕಿ ಬೇಯಿಸುತ್ತಾರೆ. ಬೆಂದರೆ ಕಿಣ್ವ ಸತ್ತುಹೋಗುತ್ತದೆ. ಡಬ್ಬಿಯ ಅನಾನಸೂ ಬಿಸಿ ಕಂಡೇ ಬಂದಿರುತ್ತದೆ, ಅದಕ್ಕೆ ಈ ತಾಪತ್ರಯ ಇಲ್ಲ.

ನಂಬಬೇಡಿ, ಮಾಡಿ ನೋಡಿ. ಮೂರು ಬಟ್ಟಲು ತೆಗೆದುಕೊಳ್ಳಿ. ಒಂದರಲ್ಲಿ ಅನಾನಸು ಮತ್ತು ಮೊಸರು. ಎರಡನೆಯದರಲ್ಲಿ ಅನಾನಸು ಮತ್ತು ರುಬ್ಬಿದ ಕಾಯಿ-ಸಾಸಿವೆ. ಮೂರನೆಯದರಲ್ಲಿ ಕಾಯಿ-ಸಾಸಿವೆ ಮತ್ತು ಮೊಸರು, ಹಣ್ಣಿಲ್ಲದೆ. ಐದು ಗಂಟೆ ಫ್ರಿಜ್‌ನಲ್ಲಿಟ್ಟು ನೆಕ್ಕಿ ನೋಡಿ.

ಬ್ಯಾಚುಲರ್_ಬಸವ:

ಮೇಷ್ಟ್ರೇ, ನೀವು ಪಾಠ ಮಾಡಿದ್ದರೆ ನಾನು ಕೆಮಿಸ್ಟ್ರಿಯಲ್ಲಿ ಪಾಸಾಗುತ್ತಿದ್ದೆ.

ಕೊಡಿಯಾಲ_ಪಾಚ್ಚಿ:

ಮಂಗಳೂರಿನ ಕೊಂಕಣಿ ಮನೆಯವಳು ನಾನು. ನಾವು ಸಾಸಂ ಅಂತೇವೆ. ಮಾವಿನ ಹಣ್ಣು, ಅನಾನಸು, ಕೆಲವೊಮ್ಮೆ ದ್ರಾಕ್ಷಿಯೂ ಸೇರಿಸಿ ಮಾಡುವುದು. ಮೊಸರು ಹಾಕುವುದೇ ಇಲ್ಲ! ಕಾಯಿ, ಒಣಮೆಣಸು, ಸಾಸಿವೆ, ಬೆಲ್ಲ, ಉಪ್ಪು. ಬೆಳಿಗ್ಗೆ ಮಾಡಿಟ್ಟರೂ ಮಧ್ಯಾಹ್ನಕ್ಕೆ ಏನೂ ಆಗುವುದಿಲ್ಲ. ಮೇಷ್ಟ್ರು ಹೇಳಿದ್ದು ಓದಿದ ಮೇಲೆ ನಮಗೆ ಯಾಕೆ ಆಗಲಿಲ್ಲ ಅಂತ ಗೊತ್ತಾಯಿತು.

ಕಾಟುಮಾವು:

ಮಾವಿನ ಸಾಸಮೆಗೆ ನಮ್ಮಲ್ಲೂ ಮೊಸರಿಲ್ಲ ಪಾಚ್ಚಿ. ಮುಳ್ಳುಸೌತೆ ಸಾಸಮೆಗೆ ಆದರೆ ಮೊಸರು.

ಶಿರಸಿ_ಸೀಮೆ:

ಮೊಸರಿಲ್ಲದ ಸಾಸಿವೆಯಾ? ಅದು ಗೊಜ್ಜು ಅಲ್ವಾ ಹಾಗಾದರೆ? ಘಟ್ಟದ ಮೇಲೆ ಬನ್ನಿ, ಬೆಂಡೆಕಾಯಿಂದ ಹಿಡಿದು ಎಲ್ಲ ಸಾಸಿವೆಗೂ ಮೊಸರು ಬೇಕೇ ಬೇಕು.

ಕಾಟುಮಾವು:

ನೀವು ಘಟ್ಟ ಇಳಿದು ಬನ್ನಿ ಅಕ್ಕಾ, ಒಂದು ಎಲೆ ಹಾಕುತ್ತೇವೆ. ಊಟ ಮಾಡಿ ಆಮೇಲೆ ಹೇಳಿ.

ಮೈಸೂರ್_ಸೊಸೆ:

ಜಗಳ ಆಡಬೇಡಿ, ನನ್ನ ಬಟ್ಟಲುಗಳ ಫಲಿತಾಂಶ ಕೇಳಿ! ಇವತ್ತು ಬೆಳಿಗ್ಗೆ ಅರ್ಧ ಅನಾನಸು ತಂದು ಮೇಷ್ಟ್ರು ಹೇಳಿದ ಹಾಗೆ ಮಾಡಿದೆ. ಮೂರು ಸ್ಟೀಲ್ ಬಟ್ಟಲು, ಅಂಟಿಸಿದ ಚೀಟಿ. ಒಂಬತ್ತಕ್ಕೆ ಇಟ್ಟು ಎರಡು ಗಂಟೆಗೆ ತೆಗೆದೆ.

ಒಂದನೇ ಬಟ್ಟಲು: ಮೊಸರು ನೀರಾಗಿ ಒಡೆದಿತ್ತು. ನಾಲಿಗೆಯ ತುದಿಗೆ ಮೊದಲು ಸಿಹಿ, ನುಂಗಿದ ಮೇಲೆ ಗಂಟಲ ಹತ್ತಿರ ಕಹಿ. ಅದೇ ಕಹಿ! ಹೋದ ವರ್ಷದ್ದೇ! ಎರಡನೇದು: ಚೆನ್ನಾಗಿದೆ, ಸಾಸಿವೆ ಗಾಟು ಹಿತವಾಗಿದೆ. ಮೂರನೇದು: ಏನೂ ಆಗಿಲ್ಲ, ಬರೀ ಮೊಸರು ಚಟ್ನಿ.

ನಮ್ಮ ಮನೆಯವರಿಗೂ ಚೀಟಿ ಮುಚ್ಚಿ ಕೊಟ್ಟೆ. ಒಂದನೇದು ಬಾಯಿಗೆ ಹಾಕಿದ ಕೂಡಲೇ "ಇದು ಹೋದ ಬಿಸುವಿನದ್ದಾ?" ಅಂದರು. ಒಂದು ವರ್ಷ ಸುಮ್ನೆ ಸಾಸಿವೆ ಡಬ್ಬಿಯನ್ನು ಬೈದುಕೊಂಡೆ.

ಲ್ಯಾಬ್_ಮೇಷ್ಟ್ರು:

ಶಭಾಷ್. ಚೀಟಿ ಮುಚ್ಚಿ ಕೊಟ್ಟಿದ್ದಕ್ಕೆ ಎರಡು ಅಂಕ ಜಾಸ್ತಿ.

ಶಿರಸಿ_ಸೀಮೆ:

ಅಮ್ಮನಿಗೆ ಫೋನ್ ಮಾಡಿ ಓದಿ ಹೇಳಿದೆ. "ಅದಕ್ಕೇ ಅಲ್ದಾ ನಾನು ಹೇಳಿದ್ದು" ಅಂದರು. ಮೂವತ್ತು ವರ್ಷದಿಂದ ಗೊತ್ತಿದ್ದವರ ಹಾಗೆ.

ಮೈಸೂರ್_ಸೊಸೆ:

ಈಗ ಮುಂದಿನ ಪ್ರಶ್ನೆ. ಈ ಸಲ ಮಾವಿನ ಹಣ್ಣಲ್ಲೇ ಮಾಡೋಣ ಅಂತಿದ್ದೇನೆ, ಮೊಸರಿಲ್ಲದೆ. ಕಾಟುಮಾವು ಅಣ್ಣ, ನಿಮ್ಮ ಹೆಸರಲ್ಲೇ ಇರುವ ಹಣ್ಣು ಬೆಂಗಳೂರಲ್ಲಿ ಸಿಗುತ್ತಾ? ಇಲ್ಲದಿದ್ದರೆ ಯಾವುದು ತರಲಿ? ಏಪ್ರಿಲ್ ಮಧ್ಯಕ್ಕೆ ಬಾದಾಮಿ, ರಸಪುರಿ ಇನ್ನೂ ದುಬಾರಿ. ತೋತಾಪುರಿ ಆಗುತ್ತಾ?

ಕಾಟುಮಾವು:

ಬೆಂಗಳೂರಿನ ಅಂಗಡಿಯಲ್ಲಿ ನಾನು ನೋಡಿಲ್ಲ. ಕಾಟುಮಾವು ಅಂದರೆ ಯಾರೂ ನೆಡದೆ ಹುಟ್ಟಿದ ಮರದ ಹಣ್ಣು. ತುಳುವಿನಲ್ಲಿ ಕಾಟು ಕುಕ್ಕು. ಸಣ್ಣದು, ಮೊಟ್ಟೆಗಿಂತ ಸ್ವಲ್ಪ ದೊಡ್ಡದು ಇದ್ದರೆ ಹೆಚ್ಚು. ಒಳಗೆ ಅರ್ಧಕ್ಕರ್ಧ ಗೊರಟು, ಉಳಿದದ್ದು ನಾರು ಮತ್ತು ರಸ. ಒಂದೊಂದು ಮರದ್ದು ಒಂದೊಂದು ರುಚಿ. ನಮ್ಮ ತೋಟದ ಬದಿಯ ಮರದ ಹಣ್ಣಿಗೆ ಶುಂಠಿಯ ವಾಸನೆ ಇದೆ. ಅದರಾಚೆ ಮರದ್ದು ಬರೀ ಹುಳಿ, ಉಪ್ಪಿನಲ್ಲಿ ಹಾಕಲಿಕ್ಕೆ ಲಾಯಕ್ಕು. ಊರಿನಿಂದ ಬರುವವರಿಗೆ ಹೇಳಿ ತರಿಸಿ. ಅತ್ತೆ ಬರುತ್ತಾರಲ್ಲ, ಅವರನ್ನೇ ಕೇಳಿ.

ಸಿಗದಿದ್ದರೆ ಸ್ವಲ್ಪ ಹುಳಿ ಇರುವ, ನಾರಿನ ಯಾವುದೇ ಹಣ್ಣು ಆಗುತ್ತದೆ. ತೋತಾಪುರಿ ಬೇಡ. ಹಣ್ಣಾದರೂ ಅದು ಹೋಳಿನ ಹಣ್ಣು, ರಸದ್ದಲ್ಲ. ಬಾದಾಮಿ ಹಾಕಿದರೆ ತೀರಾ ಸಿಹಿಯಾಗಿ ಅನ್ನಕ್ಕೆ ಸೇರುವುದಿಲ್ಲ, ಹುಣಸೆ ನೀರು ಒಂದು ಚಮಚ ಸೇರಿಸಬೇಕಾದೀತು.

ಮಾಡುವ ಕ್ರಮ ಹೇಳುತ್ತೇನೆ, 14 ಎಲೆಗೆ.

16 ಹಣ್ಣು ತೆಗೆದುಕೊಳ್ಳಿ. ಎಲೆಗೆ ಒಂದು, ಮೇಲೆ ಎರಡು, ಕೇಳುವವರು ಇದ್ದೇ ಇರುತ್ತಾರೆ. ಅರ್ಧ ಗಂಟೆ ನೀರಿನಲ್ಲಿ ಹಾಕಿಡಿ. ಆಮೇಲೆ ತೊಟ್ಟು ಚಿವುಟಿ ಮೊದಲು ಬರುವ ನಾಲ್ಕು ಹನಿ ಹಿಂಡಿ ಚೆಲ್ಲಿ. ಅದು ಸೊನೆ, ಬಾಯಿಯ ಬದಿ ಸುಡುತ್ತದೆ. ಇದನ್ನು ಬಿಟ್ಟವರೇ "ಮಾವು ತಿಂದರೆ ತುಟಿ ಒಡೆಯುತ್ತದೆ" ಅಂತ ದೂರುವುದು.

ಸಿಪ್ಪೆಯನ್ನು ಕೈಯಲ್ಲೇ ಸುಲಿಯಿರಿ, ಚಾಕು ಬೇಡ. ಹಣ್ಣಾಗಿದ್ದರೆ ಬಾಳೆಹಣ್ಣಿನ ಹಾಗೆ ಬರುತ್ತದೆ. ಗೊರಟಿನ ಸಮೇತ ಹಣ್ಣನ್ನು ಪಾತ್ರೆಗೆ ಹಾಕಿ ಮೆಲ್ಲ ಹಿಸುಕಿ. ಸಿಪ್ಪೆ ಎಸೆಯಬೇಡಿ! ಅರ್ಧ ಲೋಟ ನೀರು ಹಾಕಿ ಸಿಪ್ಪೆ ಕಿವುಚಿ ಹಿಂಡಿದರೆ ಹಳದಿ ನೀರು ಬರುತ್ತದೆ. ಪರಿಮಳ ಎಲ್ಲ ಅದರಲ್ಲೇ ಇರುವುದು. ಮಿಕ್ಸಿಗೆ ಹಾಕುವ ನೀರು ಅದೇ.

ಒಂದು ಮಧ್ಯಮ ತೆಂಗಿನಕಾಯಿ, ಐದು ಬ್ಯಾಡಗಿ ಮೆಣಸು. ನುಣ್ಣಗಾದ ಮೇಲೆ ಒಂದು ಟೀ ಚಮಚ ಸಾಸಿವೆ, ಎರಡು ಸುತ್ತು. ಬೆಲ್ಲ ಹಣ್ಣು ನೋಡಿ. ಹುಳಿಯಿದ್ದರೆ ನಿಂಬೆ ಗಾತ್ರದ ಎರಡು ಉಂಡೆ, ಸಿಹಿಯಿದ್ದರೆ ಒಂದು. ಉಪ್ಪು ಕೊನೆಗೆ. ಬೇಗ ಹಾಕಿದರೆ ಹಣ್ಣು ನೀರು ಬಿಟ್ಟು ತೆಳ್ಳಗಾಗುತ್ತದೆ.

ಬ್ಯಾಚುಲರ್_ಬಸವ:

ಅಣ್ಣ, ಗೊರಟು ಅಂದರೆ? ವಾಟೆಯಾ?

ಕಾಟುಮಾವು:

ಹೌದು ಮಾರಾಯ, ನಿಮ್ಮ ವಾಟೆ. ಅದನ್ನು ಚೀಪುವುದೇ ಸಾಸಮೆಯ ಅರ್ಧ ಸುಖ.

ಕೊಡಿಯಾಲ_ಪಾಚ್ಚಿ:

ಒಣಮೆಣಸು ಹುರಿಯದೆ ಹಾಕುವುದಾ? ನಾವು ಎಣ್ಣೆ ಹನಿಸಿ ಹುರಿದೇ ಹಾಕುವುದು. ಹಸಿ ಮೆಣಸಿನ ವಾಸನೆ ಬರುವುದಿಲ್ಲವಾ?

ಕಾಟುಮಾವು:

ಹುರಿದರೂ ಆಯಿತು. ತಂಗಿಗೆ ಒಲೆ ಖಾಲಿ ಇಲ್ಲವಲ್ಲ. ಅರ್ಧ ಗಂಟೆ ನೀರಲ್ಲಿ ನೆನೆಸಿ ಬೀಜ ತೆಗೆದು ರುಬ್ಬಿದರೂ ನಡೆಯುತ್ತದೆ. ಅಥವಾ ಹಿಂದಿನ ರಾತ್ರಿಯೇ ಹುರಿದು ಡಬ್ಬಿಯಲ್ಲಿಡಿ.

ಶಿರಸಿ_ಸೀಮೆ:

ಒಗ್ಗರಣೆ?

ಕಾಟುಮಾವು:

ಒಗ್ಗರಣೆ ಹಾಕಿದರೆ ಒಲೆ ಹಚ್ಚಿದ ಹಾಗೇ ಆಯಿತಲ್ಲ!

ಶಿರಸಿ_ಸೀಮೆ:

ಕೊಬ್ಬರಿ ಎಣ್ಣೆ, ಸಾಸಿವೆ, ಕರಿಬೇವು, ಒಂದು ನಿಮಿಷದ ಕೆಲಸ. ಒಗ್ಗರಣೆ ಇಲ್ಲದ್ದನ್ನು ಬಡಿಸಿದರೆ ನಮ್ಮಲ್ಲಿ ಮರೆತಿದ್ದಾರೆ ಅಂದುಕೊಳ್ಳುತ್ತಾರೆ.

ಕೊಡಿಯಾಲ_ಪಾಚ್ಚಿ:

ಸಾಸಂಗೆ ನಮ್ಮ ಮನೆಯಲ್ಲಿ ಒಗ್ಗರಣೆ ಇಲ್ಲ. ಹಸಿ ಸಾಸಿವೆಯ ಘಮದ ಮೇಲೆ ಹುರಿದ ಸಾಸಿವೆ ಹಾಕಿದರೆ ಎರಡೂ ಕೆಡುತ್ತವೆ ಅಂತ ನನ್ನ ಅಭಿಪ್ರಾಯ. ಇದರ ಮೇಲೆ ಜಗಳಕ್ಕೆ ನಾನು ತಯಾರು.

ಮಿಲ್ವಾಕೀ_ಮಗಳು:

ತಡವಾಗಿ ಬಂದೆ, ಆದರೂ ಹೇಳಲೇಬೇಕು. ನಾನಿರುವುದು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ. ಕ್ರ್ಯಾನ್‌ಬೆರಿ ಅಂತ ಸಣ್ಣ, ಕೆಂಪು, ಹುಳಿ ಹಣ್ಣು, ಆ ದೇಶದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಬೆಳೆಯುವುದು ಇದೇ ರಾಜ್ಯದಲ್ಲಿ. ನವೆಂಬರಿನ ನಾಲ್ಕನೇ ಗುರುವಾರ ಇಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟ. ಆ ಊಟಕ್ಕೂ ಒಂದು ಒಲೆ ಹಚ್ಚದ ಹಣ್ಣಿನ ನೆಂಚಿಕೆ ಇದೆ ಗೊತ್ತಾ? 340 ಗ್ರಾಮಿನ ಒಂದು ಪ್ಯಾಕೆಟ್ ಹಸಿ ಕ್ರ್ಯಾನ್‌ಬೆರಿ, ಒಂದು ಇಡೀ ಕಿತ್ತಳೆ ಸಿಪ್ಪೆ ಸಮೇತ, ಮುಕ್ಕಾಲು ಕಪ್ ಸಕ್ಕರೆ. ತರಿತರಿಯಾಗಿ ರುಬ್ಬಿ ಒಂದು ರಾತ್ರಿ ಫ್ರಿಜ್‌ನಲ್ಲಿಡುವುದು. ಅಷ್ಟೇ. ಅಲ್ಲೂ ಕಾರಣ ಅದೇ: ಓವನ್ ತುಂಬಾ ಟರ್ಕಿ ಕೋಳಿ ಕೂತಿರುತ್ತದೆ, ಒಲೆ ಮೇಲೆ ಜಾಗ ಇರುವುದಿಲ್ಲ.

ಮೊದಲ ಸಲ ನಾನು ಮಾಡಿದ್ದೂ ಕಹಿಯಾಯಿತು! ನಮ್ಮದರಲ್ಲಿ ಕಳ್ಳ ಸಿಕ್ಕಿದ್ದು ಕಿತ್ತಳೆ. ಸಿಪ್ಪೆಯ ಒಳಗಿನ ಬಿಳಿ ಭಾಗ ದಪ್ಪ ಇರುವ ಹಣ್ಣು ತಂದಿದ್ದೆ. ಈಗ ಹೊರಗಿನ ಕಿತ್ತಳೆ ಬಣ್ಣ ಮಾತ್ರ ತುರಿದು, ಬಿಳಿಯದನ್ನು ಬಿಸಾಕಿ, ಒಳಗಿನ ತೊಳೆ ಹಾಕುತ್ತೇನೆ.

ಹೋದ ನವೆಂಬರಿನಲ್ಲಿ ಅದನ್ನೇ ಸಾಸಿವೆ ಮಾಡಿದೆ. ಕ್ರ್ಯಾನ್‌ಬೆರಿ ತರಿತರಿ, ಕಾಯಿ, ಹಸಿಮೆಣಸು, ಸಾಸಿವೆ, ಧಾರಾಳ ಬೆಲ್ಲ. ಬಣ್ಣ ಬೀಟ್‌ರೂಟಿನ ಹಾಗೆ ಬಂತು. ಪಕ್ಕದ ಮನೆಯ ಅಜ್ಜಿ ಎರಡು ಸಲ ಹಾಕಿಸಿಕೊಂಡು, ಇದರಲ್ಲಿ ಮೂಗಿಗೆ ಬಡಿಯುವುದೇನು ಅಂತ ಕೇಳಿದರು.

ಹೊರದೇಶದಲ್ಲಿರುವವರಿಗೆ ಒಂದು ಮಾತು. ಫ್ರೀಜರಿನ ಕಾಯಿತುರಿಯನ್ನು ತಣ್ಣಗಿರುವಾಗಲೇ ಮಿಕ್ಸಿಗೆ ಹಾಕಬೇಡಿ. ಕಾಯಿಯ ಜಿಡ್ಡು ಗಂಟುಗಂಟಾಗಿ ಬೆಣ್ಣೆಯ ಕಾಳಿನ ಹಾಗೆ ನಿಲ್ಲುತ್ತದೆ. ಒಂದು ಗಂಟೆ ಹೊರಗಿಟ್ಟು, ಉಗುರುಬೆಚ್ಚಗಿನ ನೀರು ಹಾಕಿ ರುಬ್ಬಿ.

ಹುಬ್ಳಿ_ಮಂದಿ:

ಅಮೇರಿಕಾದಾಗೂ ಸಾಸಿವಿ. ಭಾಳ ಛಲೋ.

ಲ್ಯಾಬ್_ಮೇಷ್ಟ್ರು:

ಒಂದು ಎಚ್ಚರಿಕೆ ಮಾತ್ರ. ಹಸಿ ಕಾಯಿ ರುಬ್ಬಿದ್ದು ಏಪ್ರಿಲ್ ಸೆಕೆಯಲ್ಲಿ ಹೊರಗಿಟ್ಟರೆ ಎರಡು ಗಂಟೆ ದಾಟಿಸಬೇಡಿ. ಬೆಂದಿರುವುದಿಲ್ಲ ನೋಡಿ. ರುಬ್ಬಿದ್ದು ಒಂದು ಡಬ್ಬಿ, ಹಿಸುಕಿದ ಹಣ್ಣು ಇನ್ನೊಂದು, ಎರಡೂ ಫ್ರಿಜ್‌ನಲ್ಲಿ. ಕೂರುವ ಹೊತ್ತಿಗೆ ಕಲಸಿ.

ಅಂಗಡಿಯಿಂದ ಹಣ್ಣು ತರುವವರು ಕಾರ್ಬೈಡ್ ಹಾಕಿ ಹಣ್ಣು ಮಾಡಿದ್ದರ ಬಗ್ಗೆ ಜಾಗ್ರತೆ. ಅದು ನಮ್ಮ ದೇಶದಲ್ಲಿ ನಿಷೇಧ. ಎಥಿಲೀನ್ ಅನಿಲಕ್ಕೆ ಮಿತಿಯೊಳಗೆ ಅನುಮತಿ ಇದೆ. ಮೂಸಿದರೆ ಮಾವಿನ ವಾಸನೆಯೇ ಬರದ, ಮೈಯೆಲ್ಲ ಒಂದೇ ಹಳದಿ ಇರುವ ಹಣ್ಣನ್ನು ನಾನಂತೂ ಮುಟ್ಟುವುದಿಲ್ಲ.

ಮೈಸೂರ್_ಸೊಸೆ:

ಬಿಸು ಮುಗಿಯಿತು! ವರದಿ ಒಪ್ಪಿಸುತ್ತಿದ್ದೇನೆ.

ಅತ್ತೆ ಹಿಂದಿನ ದಿನ ಸಂಜೆಯೇ ಬಂದರು. ಚೀಲದಲ್ಲಿ ಪೇಪರ್ ಸುತ್ತಿದ ಕಾಟುಮಾವು, 20 ಇದ್ದವು. ಬಸ್ಸಿನಲ್ಲಿ ಐದು ಹಿಚುಕಿ ಹೋಗಿದ್ದವು. ಉಳಿದದ್ದು 15. ಮನೆ ತುಂಬಾ ವಾಸನೆ. ಕಾಲಿಂಗ್ ಬೆಲ್ ಒತ್ತಿದ ಕೊರಿಯರ್ ಹುಡುಗ ಬಾಗಿಲಲ್ಲೇ ನಿಂತು "ಮಾವಿನಹಣ್ಣಾ ಮೇಡಂ?" ಅಂತ ಕೇಳಿದ.

ಹೋದ ವರ್ಷ ಯಾಕೆ ಕಹಿಯಾಯ್ತು ಅಂತ ಅತ್ತೆಗೆ ಹೇಳಿದೆ. ಬ್ರೋಮೆಲೇನ್ ಅಂತೆಲ್ಲ ಹೇಳಿದೆ. ಅವರು ತೊಟ್ಟು ಚಿವುಟುತ್ತಾ ಕೇಳಿಸಿಕೊಂಡರು. ಆಮೇಲೆ "ನಾನು ನಿನ್ನ ಸಾಸಿವೆ ಡಬ್ಬಿ ಹಳತಾಗಿದೆ ಅಂತ ಗ್ರಹಿಸಿದ್ದು" ಅಂದರು. ಚೀಲದಿಂದ ಇನ್ನೊಂದು ಪೊಟ್ಟಣ ತೆಗೆದರು. ಊರಿನಿಂದ ಹೊಸ ಸಾಸಿವೆ ತಂದಿದ್ದರು! ಪಾಪ, ಅವರೂ ಒಂದು ವರ್ಷದಿಂದ ಸಾಸಿವೆಯನ್ನೇ ಅನುಮಾನಿಸಿದ್ದರು.

ಸಿಪ್ಪೆ ಹಿಂಡುವ ಕೆಲಸ ನನಗೆ ಕೊಟ್ಟರು. ಎರಡು ಸಲ ಹಿಂಡಿ ಪಕ್ಕಕ್ಕಿಟ್ಟಿದ್ದನ್ನು ಅವರು ತೆಗೆದು ಮತ್ತೊಮ್ಮೆ ಹಿಂಡಿದರು. ಮತ್ತೆ ಕಾಲು ಲೋಟ ರಸ ಬಂತು. ಸಾಸಿವೆಗೆ ಚಮಚ ಕೊಡಲು ಹೋದೆ, ತೆಗೆದುಕೊಳ್ಳಲಿಲ್ಲ. ಮೂರು ಬೆರಳಲ್ಲಿ ಎರಡು ಸಲ ಎತ್ತಿ ಹಾಕಿದರು. ಸುಮ್ನೆ ಕುತೂಹಲಕ್ಕೆ ಅಷ್ಟೇ ಎತ್ತಿ ಅಳೆದು ನೋಡಿದೆ, ಸರಿಯಾಗಿ ಒಂದು ಚಮಚ.

ಹನ್ನೆರಡು ಮುಕ್ಕಾಲಿಗೆ ಎಲೆ ಹಾಕಿದ ಮೇಲೆ ಕಲಸಿದೆವು. ಒಗ್ಗರಣೆ ಹಾಕಲಿಲ್ಲ, ಶಿರಸಿ ಅಕ್ಕ ಕ್ಷಮಿಸಿ. ಪಾತ್ರೆ ಖಾಲಿ. ಚಿಕ್ಕಪ್ಪ ಅನ್ನ ಮೂರನೇ ಸಲ ಹಾಕಿಸಿಕೊಂಡಿದ್ದು ಇದಕ್ಕೇ. ಸಾರು ಉಳಿಯಿತು.

15ನೇ ಗೊರಟು ನನಗೆ ಅಂತ ಅತ್ತೆ ಮೊದಲೇ ಒಂದು ಬಟ್ಟಲಲ್ಲಿ ಎತ್ತಿಟ್ಟಿದ್ದರು. ಬಡಿಸುವವರಿಗೆ ಎರಡಂತೆ.

ಶಿರಸಿ_ಸೀಮೆ:

ಕ್ಷಮಿಸಿದೆ. ಮುಂದಿನ ಸಲ ಮೊಸರು ಹಾಕಿದ ಒಂದು ಬಟ್ಟಲು ಬೇರೆ ಇಡಿ.

ಕಾಟುಮಾವು:

ಗೊರಟು ಎಸೆದಿರಾ?

ಮೈಸೂರ್_ಸೊಸೆ:

ಇಲ್ಲ ಅಣ್ಣ. ನಮ್ಮ ಮಗ ಏಳು ಗೊರಟು ತೊಳೆದು ಬಾಲ್ಕನಿಯಲ್ಲಿ ಬಿಸಿಲಿಗೆ ಒಣಗಿಸಿದ್ದಾನೆ, ನೆಡುತ್ತಾನಂತೆ.

ಕಾಟುಮಾವು:

ಒಣಗಿಸಬೇಡಿ! ಮಾವಿನ ಗೊರಟು ಒಣಗಿದರೆ ಹುಟ್ಟುವುದಿಲ್ಲ. ಈಗಲೇ ನೆರಳಿಗೆ ತನ್ನಿ, ಇವತ್ತೇ ಮಣ್ಣಿಗೆ ಹಾಕಿ.

ಮೈಸೂರ್_ಸೊಸೆ:

ಅಯ್ಯೋ, ಓಡಿದೆ. ಕುಂಡ ಇಲ್ಲ, ಹಳೇ ಬಕೆಟ್ ಇದೆ. ಸಾಕಾ?

ಕಾಟುಮಾವು:

ಮೊಳಕೆಗೆ ಸಾಕು. ತಳಕ್ಕೆ ತೂತು ಮಾಡಿ.